ಹಳೆಯ ಜೀಪಿಗೆ ವಿದ್ಯುತ್ ಫ್ಯಾನು: ಮಲೆನಾಡಿನ ದಾರಿಯಲ್ಲಿ ಇಂಜಿನ್ ತಂಪಿನ ಲೆಕ್ಕ

ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹಳೆಯ ಫೋರ್‌ವೀಲ್ ಜೀಪು ಇಂದಿಗೂ ದುಡಿಯುವ ವಾಹನವಾಗಿಯೇ ಉಳಿದಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ತೋಟಗಳಿಗೆ ಗೊಬ್ಬರ ಸಾಗಿಸುವುದರಿಂದ ಹಿಡಿದು, 1343 ಮೀಟರ್ ಎತ್ತರದ ಕೊಡಚಾದ್ರಿಗೆ ನಿಟ್ಟೂರು, ಕಟ್ಟಿನಹೊಳೆ ಮತ್ತು ಕೊಲ್ಲೂರಿನ ಕಡೆಯಿಂದ ಪ್ರವಾಸಿಗರನ್ನು ಹತ್ತಿಸುವವರೆಗೆ, ಟಾರು ಕಾಣದ ದಾರಿಯಲ್ಲಿ ಬೇರೆ ವಾಹನಗಳು ನಿಂತಲ್ಲಿಂದ ಮುಂದಿನ ಕೆಲಸವನ್ನು ಈ ಜೀಪುಗಳು ಮಾಡುತ್ತವೆ. ಇವುಗಳಲ್ಲಿ ಬಹುಪಾಲು ಮಹೀಂದ್ರ ಕಂಪನಿಯವು. ಮಹಾಯುದ್ಧ ಕಾಲದ ವಿಲ್ಲಿಸ್ ಜೀಪಿನ ವಂಶದಲ್ಲಿ ಹುಟ್ಟಿ, ಮುಂದೆ ಪ್ಯೂಜೊ ವಿನ್ಯಾಸದ ಡೀಸೆಲ್ ಇಂಜಿನ್ನನ್ನು ಹೊತ್ತ ಎಂಎಂ 540ರಂಥ ಮಾದರಿಗಳೂ, ಅವುಗಳ ನಂತರದ ಮೇಜರ್, ಕಮಾಂಡರ್‌ಗಳೂ ಇದರಲ್ಲಿ ಸೇರುತ್ತವೆ. ಇಂಥ ವಾಹನಗಳು ರಿಪೇರಿಗೆ ಇಳಿದು ಬರುವುದು ಸಾಮಾನ್ಯವಾಗಿ ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿಗೆ ಅಥವಾ ಶಿವಮೊಗ್ಗ ಮತ್ತು ಭದ್ರಾವತಿ ಎರಡನ್ನೂ ಪೋಣಿಸಿಕೊಂಡು ಹೋಗುವ ಬಿ.ಎಚ್. ರಸ್ತೆಯ ಆಸುಪಾಸಿನ ಗ್ಯಾರೇಜುಗಳಿಗೆ. ಇಂಜಿನ್ ಬಿಸಿಯಾಗುವ ದೂರು ಬಂದಾಗಲೆಲ್ಲ ಕೇಳಿಬರುವ ಒಂದು ಪರಿಹಾರವೆಂದರೆ, ಬೆಲ್ಟಿನಿಂದ ತಿರುಗುವ ಮೂಲ ಫ್ಯಾನನ್ನು ತೆಗೆದು, ಮಾರುತಿ ಕಾರಿನಲ್ಲಿರುವಂಥ ವಿದ್ಯುತ್ ಫ್ಯಾನನ್ನು ರೇಡಿಯೇಟರ್‌ಗೆ ಕೂಡಿಸುವುದು. ಈ ಬದಲಾವಣೆ ಸರಿಯಾಗಿ ನಡೆದರೆ ಉಪಯುಕ್ತವಾದದ್ದೇ. ಆದರೆ ಅದರ ಯಶಸ್ಸು ಫ್ಯಾನಿನ ಗಾತ್ರಕ್ಕಿಂತ ಹೆಚ್ಚಾಗಿ ಅದಕ್ಕೆ ಕರೆಂಟು ಒಯ್ಯುವ ತಂತಿ, ಆ ತಂತಿಯನ್ನು ಕಾಯುವ ಫ್ಯೂಸು ಮತ್ತು ಬ್ಯಾಟರಿಗೆ ಮರಳುವ ಅರ್ಥಿಂಗ್ ಇವುಗಳನ್ನು ಅವಲಂಬಿಸಿದೆ.

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಶಕ್ತಿಯಾಗುತ್ತದೆ. ಇನ್ನೊಂದು ಭಾಗ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದುದರ ಬಹುಪಾಲು ಸಿಲಿಂಡರಿನ ಸುತ್ತ ಹರಿಯುವ ನೀರಿಗೆ ಇಳಿದು ರೇಡಿಯೇಟರ್‌ಗೆ ಬರುತ್ತದೆ. ಎಂಎಂ 540ರ 2112 ಸಿಸಿ ಡೀಸೆಲ್ ಇಂಜಿನ್ನಿನ ಗರಿಷ್ಠ ಶಕ್ತಿ ಸುಮಾರು 62 ಅಶ್ವಶಕ್ತಿ, ಅಂದರೆ 46 ಕಿಲೋವಾಟ್. ಆ ಶಕ್ತಿಯಲ್ಲಿ ದುಡಿಯುವಾಗ ನೀರಿಗೆ ಸೇರುವ ಶಾಖ 30 ಕಿಲೋವಾಟ್‌ಗೆ ಕಡಿಮೆಯಿರುವುದಿಲ್ಲ. ರೇಡಿಯೇಟರ್ ಈ ಶಾಖವನ್ನು ತನ್ನ ಸಣ್ಣ ಕೊಳವೆಗಳ ನಡುವಿನ ತೆಳು ರೆಕ್ಕೆಗಳ ಮೂಲಕ ಗಾಳಿಗೆ ದಾಟಿಸುತ್ತದೆ. ವಾಹನ ವೇಗವಾಗಿ ಓಡುತ್ತಿದ್ದರೆ ಎದುರುಗಾಳಿಯೇ ಈ ಕೆಲಸಕ್ಕೆ ಸಾಕಾಗುತ್ತದೆ. ನಿಂತಾಗ, ತೆವಳುವಾಗ, ಲೋ ಗೇರಿನಲ್ಲಿ ಏರು ಹತ್ತುವಾಗ ಮಾತ್ರ ಫ್ಯಾನು ಅನಿವಾರ್ಯವಾಗುತ್ತದೆ.

ಮೂಲ ಫ್ಯಾನು ವಾಟರ್ ಪಂಪಿನ ಪುಲ್ಲಿಯ ಮೇಲೆ ಕೂತಿದ್ದು, ಇಂಜಿನ್ ತಿರುಗಿದಷ್ಟೂ ತಿರುಗುತ್ತದೆ. ಇದರ ಗುಣ ಮತ್ತು ದೋಷ ಎರಡೂ ಈ ಒಂದೇ ಸಂಗತಿಯಲ್ಲಿವೆ. ಅದರಲ್ಲಿ ಕೆಡುವ ಭಾಗಗಳು ಬಹಳ ಕಡಿಮೆ. ಬೆಲ್ಟು ಇರುವವರೆಗೆ ಗಾಳಿ ಇರುತ್ತದೆ. ಆದರೆ ಫ್ಯಾನು ಸರಿಸುವ ಗಾಳಿ ಅದರ ಸುತ್ತುಗಳ ಪ್ರಮಾಣದಲ್ಲಿ ಏರುತ್ತದೆ, ಅದು ಇಂಜಿನ್ನಿನಿಂದ ಕೀಳುವ ಶಕ್ತಿಯೋ ಸುತ್ತುಗಳ ಘನದ ಪ್ರಮಾಣದಲ್ಲಿ ಏರುತ್ತದೆ. ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದ ಫ್ಯಾನು 3000 ಸುತ್ತಿಗೆ ಏರಿದರೆ ಗಾಳಿ ನಾಲ್ಕು ಪಟ್ಟಾಗುತ್ತದೆ, ತಿನ್ನುವ ಶಕ್ತಿ ಅರವತ್ತನಾಲ್ಕು ಪಟ್ಟಾಗುತ್ತದೆ. ಶಿವಮೊಗ್ಗದ ಸಿಗ್ನಲ್ಲಿನಲ್ಲಿ ಏಪ್ರಿಲ್ ತಿಂಗಳ 36–37 ಡಿಗ್ರಿ ಬಿಸಿಲಿಗೆ ಇಂಜಿನ್ ಐಡ್ಲಿಂಗ್‌ನಲ್ಲಿ ನಿಂತಾಗ ಗಾಳಿ ಸಾಲದು. ಭದ್ರಾವತಿ ದಾಟಿ ತರೀಕೆರೆ ಕಡೆಗೆ ವೇಗವಾಗಿ ಓಡುವಾಗ, ಎದುರುಗಾಳಿಯೇ ಸಾಕೆನಿಸುವ ಹೊತ್ತಿನಲ್ಲಿ, ಇದೇ ಫ್ಯಾನು ಸುಮ್ಮನೆ ಡೀಸೆಲ್ ತಿನ್ನುತ್ತದೆ. ಮುಂದೆ ಬಂದ ಕೆಲವು ವಾಹನಗಳಲ್ಲಿ ಸಿಲಿಕೋನ್ ಎಣ್ಣೆ ತುಂಬಿದ ಒಂದು ಕ್ಲಚ್ಚನ್ನು ಫ್ಯಾನು ಮತ್ತು ಪುಲ್ಲಿಯ ನಡುವೆ ಇಟ್ಟು, ರೇಡಿಯೇಟರ್ ಬಿಸಿಯಾದಾಗ ಮಾತ್ರ ಹಿಡಿತ ಬಿಗಿಯಾಗುವಂತೆ ಮಾಡಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಲಾಯಿತು. ಹಳೆಯ ಜೀಪುಗಳಲ್ಲಿ ಆ ಏರ್ಪಾಡು ಇಲ್ಲ.

ಮಲೆನಾಡು ಈ ಲೆಕ್ಕಕ್ಕೆ ಇನ್ನೆರಡು ಸಂಗತಿಗಳನ್ನು ಸೇರಿಸುತ್ತದೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಮಿಗಿಲು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತಣ್ಣಗಿರುವುದರಿಂದ, ಸದಾ ತಿರುಗುವ ಫ್ಯಾನು ಇಂಜಿನ್ ಕೋಣೆಯನ್ನು ಅಗತ್ಯಕ್ಕಿಂತ ತಂಪಾಗಿ ಇಡುತ್ತದೆ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ತೆಗೆದುಹಾಕಿದ ಜೀಪಿನಲ್ಲಂತೂ ಇಂಜಿನ್ ತನ್ನ ದುಡಿಮೆಯ ಉಷ್ಣತೆಯನ್ನು ಮುಟ್ಟುವುದೇ ಇಲ್ಲ, ಇಂಧನ ಪೂರ್ತಿ ಉರಿಯದೆ ಹೊಗೆ ಹೆಚ್ಚುತ್ತದೆ, ಸಿಲಿಂಡರಿನ ಸವೆತವೂ ಹೆಚ್ಚುತ್ತದೆ. ಎರಡನೆಯದು ಹಳ್ಳ ದಾಟುವ ಪ್ರಶ್ನೆ. ನೀರು ರೇಡಿಯೇಟರ್‌ನ ಮಟ್ಟಕ್ಕೆ ಬಂದಾಗ ತಿರುಗುತ್ತಿರುವ ಫ್ಯಾನಿನ ಎಲೆಗಳು ನೀರನ್ನು ಕಡೆಯುತ್ತ ಮುಂದಕ್ಕೆ ಬಾಗಿ ರೇಡಿಯೇಟರ್‌ನ ಕೊಳವೆಗಳನ್ನು ಸೀಳಬಲ್ಲವು, ಇಂಜಿನ್ ಮೇಲೆಲ್ಲ ನೀರು ಎರಚಬಲ್ಲವು. ಆಳವಾದ ನೀರಿಗೆ ಇಳಿಯುವ ಮೊದಲು ಫ್ಯಾನ್ ಬೆಲ್ಟನ್ನು ಸಡಿಲಿಸುವ, ಜೀಪಿನ ಮೂತಿಗೆ ತಾಡಪಾಲು ಅಥವಾ ಗೋಣಿತಾಟು ಕಟ್ಟುವ ಹಳೆಯ ಪದ್ಧತಿ ಹುಟ್ಟಿದ್ದು ಇದಕ್ಕಾಗಿ. ಒಂದು ಸ್ವಿಚ್ಚಿನಿಂದ ನಿಲ್ಲಿಸಬಹುದಾದ ವಿದ್ಯುತ್ ಫ್ಯಾನು ಈ ತೊಂದರೆಯನ್ನು ಬೇರುಸಹಿತ ಕೀಳುತ್ತದೆ, ಮತ್ತು ಮಲೆನಾಡಿನ ಜೀಪಿಗೆ ಈ ಬದಲಾವಣೆಯನ್ನು ಸಮರ್ಥಿಸುವ ಅತ್ಯಂತ ಗಟ್ಟಿಯಾದ ಕಾರಣವೂ ಇದೇ.

ವಿದ್ಯುತ್ ಫ್ಯಾನಿಗೂ ಮಿತಿಯಿದೆ, ಅದನ್ನು ಮರೆತ ಕಡೆ ಇಂಜಿನ್ ಸೀಜ್ ಆಗುತ್ತದೆ. ಒಂದು ಕಿಲೋಗ್ರಾಂ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೋಜೌಲ್ ಶಾಖ ಬೇಕು. ರೇಡಿಯೇಟರ್ ದಾಟುವ ಗಾಳಿ 35 ಡಿಗ್ರಿಯಷ್ಟು ಬಿಸಿಯಾಗುತ್ತದೆಂದು ಹಿಡಿದರೆ, 30 ಕಿಲೋವಾಟ್ ಶಾಖ ಒಯ್ಯಲು ಸೆಕೆಂಡಿಗೆ ಮುಕ್ಕಾಲು ಘನ ಮೀಟರ್ ಗಾಳಿ ಬೇಕಾಗುತ್ತದೆ. ಹದಿನಾಲ್ಕು ಇಂಚಿನ ಒಂದು ಒಳ್ಳೆಯ ವಿದ್ಯುತ್ ಫ್ಯಾನು ಎದುರಿಗೆ ಯಾವ ಅಡೆತಡೆಯೂ ಇಲ್ಲದಾಗ ಅರ್ಧ ಘನ ಮೀಟರ್‌ನಷ್ಟು ಗಾಳಿ ಸರಿಸುತ್ತದೆ. ರೇಡಿಯೇಟರ್‌ನ ರೆಕ್ಕೆಗಳ ಮೂಲಕ ಎಳೆಯುವಾಗ ಅದು ಇನ್ನೂ ಕಡಿಮೆಯಾಗುತ್ತದೆ. ಕೊಡಚಾದ್ರಿಯ ಏರಿನಲ್ಲಿ ಮೊದಲ ಗೇರಿನಲ್ಲಿ ತೆವಳುವ ಜೀಪು ತನ್ನ ಪೂರ್ಣ ಶಕ್ತಿಯನ್ನು ಬಳಸುವುದು ಅಪರೂಪ. ಅರ್ಧ ಶಕ್ತಿಗೆ ಬೇಕಾದ ಗಾಳಿಯನ್ನು ಅಂಥ ಫ್ಯಾನು ಹೇಗೋ ಒದಗಿಸಬಹುದು. ಆದರೆ ಟ್ರೈಲರ್ ತುಂಬ ಮರಳು ಹೇರಿಕೊಂಡು ಬೇಸಿಗೆಯಲ್ಲಿ ಉದ್ದದ ಘಾಟಿ ಹತ್ತಬೇಕಾದ ವಾಹನಕ್ಕೆ ಒಂದೇ ಫ್ಯಾನು ಸಾಲದು, ಎರಡನ್ನು ಕೂಡಿಸಬೇಕು. ಅಥವಾ ಮೂಲ ಫ್ಯಾನನ್ನೇ ಉಳಿಸಿಕೊಂಡು, ರೇಡಿಯೇಟರ್‌ನ ಮುಂದೆ ಗಾಳಿ ತಳ್ಳುವ ಒಂದು ಸಹಾಯಕ ಫ್ಯಾನನ್ನು ಮಾತ್ರ ಸೇರಿಸುವುದು ಹೆಚ್ಚು ವಿವೇಕದ ದಾರಿ. ಭಾರಿ ಹೊರೆ ಹೊರುವ ಜೀಪಿನಿಂದ ಬೆಲ್ಟಿನ ಫ್ಯಾನನ್ನು ಕಿತ್ತೆಸೆಯುವ ಉತ್ಸಾಹ ಒಳ್ಳೆಯದಲ್ಲ.

ಫ್ಯಾನು ಬದಲಾಯಿಸುವ ಮುಂಚೆ, ಇಂಜಿನ್ ಬಿಸಿಯಾಗುತ್ತಿರುವುದು ಗಾಳಿಯ ಕೊರತೆಯಿಂದಲೋ ಬೇರೆ ಕಾರಣದಿಂದಲೋ ಎಂಬುದನ್ನು ತಿಳಿಯಬೇಕು. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್‌ನ ಕೊಳವೆಗಳ ಒಳಗೆ ಸುಣ್ಣದ ಪೊರೆ ಕಟ್ಟಿರುತ್ತದೆ. ಹೊರಗಿನ ರೆಕ್ಕೆಗಳ ನಡುವೆ ಕೆಂಪು ಧೂಳು, ಹುಲ್ಲಿನ ಬೀಜ, ಮೊದಲ ಮಳೆಗೆ ಏಳುವ ಗೆದ್ದಲು ಹುಳುಗಳ ರೆಕ್ಕೆ ತುಂಬಿ ಗಟ್ಟಿಯಾಗಿರುತ್ತವೆ. ಹಳೆಯ ತಾಮ್ರ–ಹಿತ್ತಾಳೆಯ ರೇಡಿಯೇಟರ್‌ನ ದೊಡ್ಡ ಅನುಕೂಲವೆಂದರೆ, ಮೇಲಿನ ಕೆಳಗಿನ ಟ್ಯಾಂಕುಗಳ ಬೆಸುಗೆ ಬಿಡಿಸಿ, ಕೊಳವೆಗಳ ಒಳಗೆ ತೆಳ್ಳನೆಯ ಸಲಾಕೆ ಹಾಯಿಸಿ ಶುಚಿಮಾಡಿ ಮತ್ತೆ ಬೆಸೆಯಬಹುದು. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಸೋತಿದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಆ ಮುಚ್ಚಳವೇ ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಯುವ ಬಿಂದುವನ್ನು ಏರಿಸುತ್ತದೆ, ಸುಮಾರು 0.9 ಬಾರ್ ಒತ್ತಡ ತಡೆಯುವ ಮುಚ್ಚಳವಿದ್ದರೆ ನೀರು ಸಮುದ್ರಮಟ್ಟದಲ್ಲಿ 100ರ ಬದಲಿಗೆ 118–119 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡ ತಗ್ಗಿ, ಪ್ರತಿ 300 ಮೀಟರ್‌ಗೆ ಸರಿಸುಮಾರು ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುವುದರಿಂದ, ಮುಚ್ಚಳ ಕೆಟ್ಟ ಜೀಪಿನ ರೇಡಿಯೇಟರ್‌ನಲ್ಲಿ ಬರೀ ನೀರಿದ್ದರೆ ಅದು ಕೊಡಚಾದ್ರಿಯ ನೆತ್ತಿಯಲ್ಲಿ 95–96 ಡಿಗ್ರಿಗೇ ಕುದಿಯತೊಡಗುತ್ತದೆ. ಇಷ್ಟು ಬಿಸಿ ಏರು ಹತ್ತುವ ಇಂಜಿನ್ನಿಗೆ ಅಸಹಜವೇನಲ್ಲ. ಮುಚ್ಚಳ ಬದಲಿಸಿ ಕೂಲಂಟ್ ತುಂಬುವುದರಿಂದಲೇ ನೀಗುವ ತೊಂದರೆಗೆ ಫ್ಯಾನಿನ ಖರ್ಚು ಮಾಡುವ ಅಗತ್ಯವಿಲ್ಲ.

ರೇಡಿಯೇಟರ್‌ನ ಹಿಂದೆ, ಅಂದರೆ ಇಂಜಿನ್ನಿನ ಕಡೆ ಕೂತು ಗಾಳಿಯನ್ನು ತನ್ನತ್ತ ಎಳೆದುಕೊಳ್ಳುವ ಫ್ಯಾನು, ಮುಂದೆ ಕೂತು ತಳ್ಳುವುದಕ್ಕಿಂತ ಉತ್ತಮ. ಮುಂದೆ ಕೂತ ಫ್ಯಾನು ಓಡುವಾಗ ಎದುರುಗಾಳಿಗೇ ಅಡ್ಡವಾಗುತ್ತದೆ, ಕೆಸರಿಗೂ ಮೊದಲು ಸಿಗುತ್ತದೆ. ಫ್ಯಾನಿನ ಸುತ್ತ ತಗಡಿನ ಕವಚ ಕಟ್ಟಿ ಅದು ರೇಡಿಯೇಟರ್‌ನ ಪೂರ್ತಿ ಮುಖವನ್ನು ಆವರಿಸುವಂತೆ ಮಾಡದಿದ್ದರೆ, ಫ್ಯಾನಿನ ವೃತ್ತದ ಎದುರಿಗಿರುವ ಭಾಗದಲ್ಲಿ ಮಾತ್ರ ಗಾಳಿ ಹರಿದು ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನನ್ನು ರೇಡಿಯೇಟರ್‌ಗೇ ಕಟ್ಟುವ ಸುಲಭದ ವಿಧಾನ ಜೀಪಿಗೆ ಹೊಂದುವುದಿಲ್ಲ. ಕಲ್ಲುದಾರಿಯ ಅದುರಿಗೆ ಅದು ಕೊಳವೆಗಳನ್ನೇ ಉಜ್ಜಿ ತೂತು ಮಾಡುತ್ತದೆ. ರೇಡಿಯೇಟರ್‌ನ ಪಕ್ಕದ ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಬಿಗಿದು, ರಬ್ಬರ್ ಬುಷ್ ಕೊಟ್ಟು, ಅದರ ಮೇಲೆ ಫ್ಯಾನನ್ನು ಕೂರಿಸಬೇಕು. 1918ರಲ್ಲಿ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯಲ್ಲೂ, ಎರಕದ ಕಾರ್ಖಾನೆಗಳಿರುವ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವನ್ನು ಮಗ್ಗುಲಲ್ಲಿಟ್ಟುಕೊಂಡ ಶಿವಮೊಗ್ಗದಲ್ಲೂ ಅಳತೆಗೆ ಸರಿಯಾಗಿ ಪಟ್ಟಿ ಬಗ್ಗಿಸಿ ಬೆಸೆದುಕೊಡುವ ಕೈಗಳಿಗೆ ಬರವಿಲ್ಲ. ಲೋಹದ ಕೆಲಸ ಚೆನ್ನಾಗಿ ಮುಗಿದು ವಯರಿಂಗ್ ಮಾತ್ರ ತರಾತುರಿಯಲ್ಲಿ ನಡೆಯುವುದೇ ವಿಷಾದದ ಸಂಗತಿ. ಹಳೆಯ ಫ್ಯಾನನ್ನು ಬಿಚ್ಚುವಾಗ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅನೇಕ ಇಂಜಿನ್ನುಗಳಲ್ಲಿ ಫ್ಯಾನನ್ನೂ ಪಂಪಿನ ಪುಲ್ಲಿಯನ್ನೂ ಹಿಡಿದಿರುವುದು ಒಂದೇ ಬೋಲ್ಟುಗಳು. ಫ್ಯಾನು ತೆಗೆದ ಮೇಲೆ ಅವೇ ಬೋಲ್ಟುಗಳು ಉದ್ದವಾಗಿ ಪಂಪಿನ ಮೈಗೆ ತಾಗಬಹುದಾದ್ದರಿಂದ, ಫ್ಯಾನಿನ ದಪ್ಪಕ್ಕೆ ಸಮನಾದ ವಾಷರ್ ಅಥವಾ ಗಿಡ್ಡ ಬೋಲ್ಟು ಹಾಕಬೇಕು. ಬೆಲ್ಟು ಮಾತ್ರ ಉಳಿಯಲೇಬೇಕು, ಏಕೆಂದರೆ ವಾಟರ್ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಅದೇ.

ಆಲ್ಟರ್ನೇಟರ್ ಎಂದರೆ ಬ್ಯಾಟರಿಯನ್ನು ಚಾರ್ಜು ಮಾಡುತ್ತ ವಾಹನದ ಎಲ್ಲ ದೀಪ, ಮೋಟಾರುಗಳಿಗೆ ಕರೆಂಟು ಒದಗಿಸುವ ಉತ್ಪಾದಕ. ಹಳೆಯ ಡೀಸೆಲ್ ಜೀಪುಗಳಲ್ಲಿ ಅದರ ಸಾಮರ್ಥ್ಯ ಸಾಮಾನ್ಯವಾಗಿ 35ರಿಂದ 45 ಆಂಪಿಯರ್‌ನ ಆಸುಪಾಸು. ಇನ್ನೂ ಹಳೆಯವುಗಳಲ್ಲಿ ಅದಕ್ಕಿಂತ ದುರ್ಬಲವಾದ ಡೈನಮೊ ಇರುತ್ತದೆ, ಯುದ್ಧಕಾಲದ ವಿಲ್ಲಿಸ್ ಜೀಪುಗಳಲ್ಲಂತೂ ಇಡೀ ವಯರಿಂಗ್ 6 ವೋಲ್ಟಿನದು. ಮಳೆಗಾಲದ ರಾತ್ರಿಯೊಂದರ ಖರ್ಚನ್ನು ಕೂಡಿದರೆ, ತಲಾ 55 ವಾಟಿನ ಎರಡು ಹೆಡ್‌ಲೈಟಿಗೆ 8–9 ಆಂಪಿಯರ್, ವೈಪರ್ ಮೋಟಾರಿಗೆ 4–5, ಹಿಂದಿನ ಮತ್ತು ಮೀಟರಿನ ದೀಪಗಳಿಗೆ 2–3, ಹೀಗೆ ಫ್ಯಾನು ಬರುವ ಮೊದಲೇ 15ರ ಗಡಿ ಮುಟ್ಟಿರುತ್ತದೆ. ಹದಿನಾಲ್ಕು ಇಂಚಿನ ಫ್ಯಾನೊಂದು ಇನ್ನೂ 15 ಆಂಪಿಯರ್ ಕೇಳುತ್ತದೆ. ಇಂಜಿನ್ ಓಡುತ್ತಿರುವಾಗ ಇದು ಆಲ್ಟರ್ನೇಟರ್‌ನ ಕೈಗೆ ಎಟುಕುವ ಮೊತ್ತವೇ. ಆದರೆ ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ಣ ಸಾಮರ್ಥ್ಯದ ಅರ್ಧವನ್ನೂ ಕೊಡಲಾರದು, ಕೊರತೆಯನ್ನು ಬ್ಯಾಟರಿ ತುಂಬಬೇಕಾಗುತ್ತದೆ. ಎರಡು ಫ್ಯಾನು ಕೂಡಿಸುವವರು ಆಲ್ಟರ್ನೇಟರನ್ನೂ ದೊಡ್ಡದಕ್ಕೆ ಬದಲಿಸುವ ಖರ್ಚನ್ನು ಮೊದಲೇ ಎಣಿಸಿಕೊಳ್ಳಬೇಕು. ಡೈನಮೊ ಇರುವ ಜೀಪಿಗೆ ಆಲ್ಟರ್ನೇಟರ್ ಬಾರದೆ ಈ ಕೆಲಸಕ್ಕೆ ಕೈಹಾಕಬಾರದು.

ವಯರಿಂಗ್‌ನಲ್ಲಿ ನಡೆಯುವ ಮೊದಲ ತಪ್ಪು, ಫ್ಯಾನಿನ ತಂತಿಯನ್ನು ನೇರವಾಗಿ ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚಿಗೋ ಇಗ್ನಿಷನ್ ಕೀಲಿಯ ಹಿಂದಿನ ತುದಿಗೋ ಜೋಡಿಸುವುದು. ಆ ಸ್ವಿಚ್ಚುಗಳೂ ಅವುಗಳ ಸಣ್ಣ ತಂತಿಗಳೂ ದೀಪ ಹೊತ್ತಿಸುವಷ್ಟು ಕರೆಂಟಿಗೆ ತಯಾರಾದವು. ನಿಂತ ಸ್ಥಿತಿಯಿಂದ ತಿರುಗತೊಡಗುವ ಕ್ಷಣದಲ್ಲಿ ಫ್ಯಾನಿನ ಮೋಟಾರು ತನ್ನ ಎಂದಿನ ಕರೆಂಟಿನ ಎರಡು ಮೂರು ಪಟ್ಟನ್ನು ಎಳೆಯುವುದರಿಂದ ಸ್ವಿಚ್ಚಿನ ಒಳಗಿನ ತಾಮ್ರದ ತುದಿಗಳು ಸುಟ್ಟು, ಕೆಲವೊಮ್ಮೆ ಕರಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಪರಿಹಾರ ರಿಲೇ. ರಿಲೇ ಎಂಬುದು ಒಂದು ಸಣ್ಣ ವಿದ್ಯುತ್ಕಾಂತವೂ ಒಂದು ಗಟ್ಟಿಯಾದ ಸ್ವಿಚ್ಚೂ ಒಂದೇ ಡಬ್ಬಿಯಲ್ಲಿರುವ ಸಾಧನ. ಭದ್ರಾ ನಾಲೆಯ ತೂಬಿನ ತಿರುಪನ್ನು ತಿರುಗಿಸುವ ಕೈ ನಾಲೆಯ ನೀರಿನ ಭಾರವನ್ನು ಹೊರಬೇಕಾಗಿಲ್ಲದ ಹಾಗೆ, ಕಾಂತದ ಸುರುಳಿಗೆ ಹರಿಯುವ 0.2 ಆಂಪಿಯರ್‌ಗೂ ಕಡಿಮೆ ಕರೆಂಟು, ಪಕ್ಕದಲ್ಲಿ ಬೇರೆಯದೇ ದಾರಿಯಲ್ಲಿ ಹರಿಯುವ 30 ಆಂಪಿಯರನ್ನು ತೆರೆದು ಮುಚ್ಚುತ್ತದೆ. ಜರ್ಮನಿಯ ಪ್ರಮಾಣಮಾನದಂತೆ ಇದರ ಕಾಲುಗಳಿಗೆ ಗುರುತಿನ ಸಂಖ್ಯೆಗಳಿದ್ದು, ಶಿವಮೊಗ್ಗದ ಬಿಡಿಭಾಗಗಳ ಅಂಗಡಿಯಲ್ಲಿ ಕೊಂಡರೂ ಬೇರೆಲ್ಲಿ ಕೊಂಡರೂ ಅವು ಒಂದೇ ಆಗಿರುತ್ತವೆ: 30 ಬ್ಯಾಟರಿಯಿಂದ ಬರುವ ದಪ್ಪ ತಂತಿಗೆ, 87 ಫ್ಯಾನಿಗೆ ಹೋಗುವ ದಪ್ಪ ತಂತಿಗೆ, 85 ಮತ್ತು 86 ಕಾಂತದ ಸುರುಳಿಯ ಎರಡು ತುದಿಗಳಿಗೆ.

ಬ್ಯಾಟರಿಯ ಪಾಸಿಟಿವ್ ಕಡೆಯಿಂದ ಹೊರಟ ತಂತಿ ಮೊದಲು ಫ್ಯೂಸಿಗೆ, ಅಲ್ಲಿಂದ ರಿಲೇಯ 30ಕ್ಕೆ, 87ರಿಂದ ಫ್ಯಾನಿಗೆ ಸಾಗುತ್ತದೆ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು, ಏಕೆಂದರೆ ಅದು ಕಾಯುವುದು ತಂತಿಯನ್ನು; ಫ್ಯೂಸಿಗೂ ಬ್ಯಾಟರಿಗೂ ನಡುವೆ ಉಳಿದ ತಂತಿ ಎಲ್ಲಾದರೂ ಉಜ್ಜಿ ಚಾಸಿಗೆ ತಗುಲಿದರೆ ನೂರಾರು ಆಂಪಿಯರ್ ಒಮ್ಮೆಲೇ ನುಗ್ಗಿ ತಂತಿಯ ಹೊದಿಕೆ ಹೊತ್ತಿಕೊಳ್ಳುತ್ತದೆ, ಅದನ್ನು ತಡೆಯಲು ಅಲ್ಲಿ ಏನೂ ಇರುವುದಿಲ್ಲ. 15 ಆಂಪಿಯರ್ ಎಳೆಯುವ ಫ್ಯಾನಿಗೆ 25 ಅಥವಾ 30 ಆಂಪಿಯರ್‌ನ ಫ್ಯೂಸು ಸರಿಹೋಗುತ್ತದೆ. ಬ್ಲೇಡ್ ಮಾದರಿಯಲ್ಲಿ 30ರದು ಹಸಿರು ಬಣ್ಣದ್ದು. ಪದೇ ಪದೇ ಹಾರುವ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತುವುದು ಇಡೀ ಜೀಪನ್ನು ಪಣಕ್ಕಿಟ್ಟಂತೆ.

ತಂತಿಯ ದಪ್ಪವನ್ನು ಊಹೆಗೆ ಬಿಡಬಾರದು. ಹೋಗಿ ಬರುವ ದಾರಿ ಒಟ್ಟು ಐದು ಮೀಟರ್ ಎಂದಿಟ್ಟುಕೊಂಡರೆ, ಒಂದೂವರೆ ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ 15 ಆಂಪಿಯರ್ ಹರಿಯುವಾಗ ಒಂದು ವೋಲ್ಟಿಗೆ ಸಮೀಪದಷ್ಟು ದಾರಿಯಲ್ಲೇ ಸೋರಿಹೋಗಿ, ಹದಿನಾಲ್ಕು ವಾಟಿನಷ್ಟು ಶಾಖ ತಂತಿಯಲ್ಲೇ ಹುಟ್ಟುತ್ತದೆ. ನಾಲ್ಕು ಚದರ ಮಿಲಿಮೀಟರ್‌ನ ತಂತಿಯಲ್ಲಿ ಈ ಸೋರಿಕೆ 0.4 ವೋಲ್ಟಿನ ಒಳಗೆ ನಿಲ್ಲುತ್ತದೆ. ವೋಲ್ಟು ಇಳಿದಂತೆ ಫ್ಯಾನಿನ ಸುತ್ತುಗಳೂ ಇಳಿಯುವುದರಿಂದ, ತೆಳು ತಂತಿಗೆ ಉಳಿಸಿದ ನೂರಿನ್ನೂರು ರೂಪಾಯಿ ಗಾಳಿಯ ರೂಪದಲ್ಲಿ ನಷ್ಟವಾಗುತ್ತದೆ. ಮನೆಯ ವಯರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಇಲ್ಲಿ ಸಲ್ಲದು. ಅದುರಿಗೆ ಅದು ಮುರಿಯುತ್ತದೆ. ಅನೇಕ ಸಣ್ಣ ಎಳೆಗಳನ್ನು ಹೊಸೆದ ವಾಹನದ ತಂತಿಯೇ ಬೇಕು.

ಹಳೆಯ ಜೀಪುಗಳ ಡ್ಯಾಶ್‌ಬೋರ್ಡಿನಲ್ಲಿರುವ ಆಂಪಿಯರ್ ಮೀಟರು ಇಲ್ಲೊಂದು ಸೂಕ್ಷ್ಮವಾದ ತೊಡಕನ್ನು ತಂದೊಡ್ಡುತ್ತದೆ, ಇದನ್ನು ಅನುಭವಿ ವಯರಿಂಗ್ ಮಿಸ್ತ್ರಿಗಳೂ ಕೆಲವೊಮ್ಮೆ ಮರೆಯುತ್ತಾರೆ. ಆ ಏರ್ಪಾಡಿನಲ್ಲಿ ಮೀಟರು ಬ್ಯಾಟರಿಗೂ ಆಲ್ಟರ್ನೇಟರ್‌ಗೂ ನಡುವೆ ಕೂತಿದ್ದು, ಬ್ಯಾಟರಿಗೆ ಒಳಬರುವ ಹೊರಹೋಗುವ ಕರೆಂಟನ್ನು ತೋರಿಸುತ್ತದೆ. ಫ್ಯಾನಿನ ತಂತಿಯನ್ನು ಬ್ಯಾಟರಿಯ ತುದಿಯಿಂದಲೇ ತೆಗೆದುಕೊಂಡರೆ, ಆಲ್ಟರ್ನೇಟರ್‌ನಿಂದ ಫ್ಯಾನಿಗೆ ಹೋಗುವ 15 ಆಂಪಿಯರ್ ಪೂರ್ತಿ ಮೀಟರಿನೊಳಗೆ ಹಾದುಹೋಗಿ, ಬ್ಯಾಟರಿ ಜೋರಾಗಿ ಚಾರ್ಜಾಗುತ್ತಿದೆ ಎಂಬ ಸುಳ್ಳು ಚಿತ್ರ ಕಾಣುತ್ತದೆ, ಹಳೆಯ ಮೀಟರಿನ ತುದಿಗಳೂ ಬಿಸಿಯಾಗುತ್ತವೆ. ತಂತಿಯನ್ನು ಆಲ್ಟರ್ನೇಟರ್‌ನ ಉತ್ಪಾದನೆಯ ತುದಿಯಿಂದ, ಆ ತುದಿಯ ಹತ್ತಿರವೇ ಫ್ಯೂಸು ಇಟ್ಟು ತೆಗೆದುಕೊಂಡರೆ, ಇಂಜಿನ್ ಓಡುವಾಗ ಫ್ಯಾನಿನ ಪಾಲು ಮೀಟರನ್ನು ಮುಟ್ಟದೆ ನೇರವಾಗಿ ಸಾಗುತ್ತದೆ. ಮೀಟರೇ ಬೇಡವೆಂದು ಅದನ್ನು ತೆಗೆದು, ದಪ್ಪ ತಂತಿಯಿಂದ ಆ ದಾರಿಯನ್ನು ಕೂಡಿಸಿ, ಬದಲಿಗೆ ವೋಲ್ಟ್ ಮೀಟರ್ ಹಾಕುವುದು ಇನ್ನೂ ಭದ್ರವಾದ ಉಪಾಯ.

ರಿಲೇಯ ಕಾಂತವನ್ನು ಎಚ್ಚರಿಸುವ ಕೆಲಸ ಥರ್ಮೋಸ್ವಿಚ್ಚಿನದು; ನೀರಿನ ಉಷ್ಣತೆ ಒಂದು ಮಟ್ಟ ಮುಟ್ಟಿದಾಗ ತಾನೇ ಕೂಡಿಕೊಂಡು, ಐದಾರು ಡಿಗ್ರಿ ಇಳಿದಾಗ ತಾನೇ ಬಿಡಿಸಿಕೊಳ್ಳುವ ಸ್ವಿಚ್ಚು ಅದು. 86ಕ್ಕೆ ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಒಂದು ತೆಳು ತಂತಿಯನ್ನು 5 ಆಂಪಿಯರ್ ಫ್ಯೂಸಿನ ಮೂಲಕ ಕೊಟ್ಟು, 85ರಿಂದ ಥರ್ಮೋಸ್ವಿಚ್ಚಿನ ಮೂಲಕ ಚಾಸಿಗೆ ದಾರಿ ಮಾಡಿದರೆ, ಜೀಪು ನಿಲ್ಲಿಸಿ ಕೀಲಿ ತೆಗೆದ ಮೇಲೆ ಫ್ಯಾನು ರಾತ್ರಿಯೆಲ್ಲ ತಿರುಗಿ ಬ್ಯಾಟರಿ ಬರಿದಾಗುವ ಭಯವಿರುವುದಿಲ್ಲ. ಕೆಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಫ್ಯಾನು ಕೊಂಚ ಹೊತ್ತು ತಿರುಗುವುದುಂಟು; ಹಳೆಯ ಜೀಪಿನಲ್ಲಿ ಇಂಜಿನ್ ನಿಂತೊಡನೆ ಪಂಪೂ ನಿಂತು ನೀರಿನ ಹರಿವು ಇಲ್ಲವಾಗುವುದರಿಂದ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸ್ವಿಚ್ಚಿನ ಉಷ್ಣತೆಯನ್ನು ಆರಿಸುವಾಗ ಥರ್ಮೋಸ್ಟಾಟಿನೊಂದಿಗೆ ಹೊಂದಿಸಿ ನೋಡಬೇಕು. ಥರ್ಮೋಸ್ಟಾಟು 82 ಡಿಗ್ರಿಗೆ ತೆರೆಯುವಂಥದ್ದಾಗಿದ್ದು, ಫ್ಯಾನಿನ ಸ್ವಿಚ್ಚು ಮೇಲಿನ ಟ್ಯಾಂಕಿನಲ್ಲಿ 80ಕ್ಕೇ ಕೂಡಿಕೊಳ್ಳುವುದಾದರೆ ಫ್ಯಾನು ನಿಲ್ಲುವ ಮಾತೇ ಇಲ್ಲ. ಬೆಲ್ಟಿನ ಫ್ಯಾನಿನ ದೋಷವೇ ಹೊಸ ವೇಷದಲ್ಲಿ ಮರಳಿತೆನ್ನಬೇಕು. 92ರಿಂದ 95ರ ನಡುವೆ ಕೂಡಿಕೊಂಡು 87ರ ಸುಮಾರಿಗೆ ಬಿಡುವ ಸ್ವಿಚ್ಚು ಸೂಕ್ತ. ಹಿತ್ತಾಳೆಯ ಟ್ಯಾಂಕಿಗೆ ತಿರುಪಿನ ಮರೆ ಕೊರೆದ ಸಣ್ಣ ಹಿತ್ತಾಳೆ ತುಂಡನ್ನು ಬೆಸೆದು ಅದರೊಳಗೆ ಸ್ವಿಚ್ಚನ್ನು ಕೂರಿಸಬಹುದು, ಈ ಸೌಲಭ್ಯ ಹೊಸ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್‌ಗಳಿಗಿಲ್ಲ.

ಥರ್ಮೋಸ್ವಿಚ್ಚಿಗೆ ಜೊತೆಯಾಗಿ ಚಾಲಕನ ಕೈಗೆ ಸಿಗುವಂತೆ ಮೂರು ನೆಲೆಯ ಒಂದು ಸ್ವಿಚ್ಚನ್ನೂ 85ರ ದಾರಿಯಲ್ಲಿ ಇಡುವುದು ಮಲೆನಾಡಿನಲ್ಲಿ ಅಗತ್ಯ: ಒಂದು ನೆಲೆಯಲ್ಲಿ ಫ್ಯಾನು ತಾನಾಗಿಯೇ ನಡೆಯುತ್ತದೆ, ಇನ್ನೊಂದರಲ್ಲಿ ಥರ್ಮೋಸ್ವಿಚ್ಚು ಕೆಟ್ಟರೂ ಒತ್ತಾಯದಿಂದ ನಡೆಯುತ್ತದೆ, ಮೂರನೆಯದರಲ್ಲಿ ಪೂರ್ತಿ ನಿಲ್ಲುತ್ತದೆ. ಹಳ್ಳಕ್ಕೆ ಇಳಿಯುವ ಮುಂಚೆ ನಿಲ್ಲಿಸದಿದ್ದರೆ ನೀರಿನಲ್ಲಿ ಸಿಕ್ಕ ಫ್ಯಾನು ತಿರುಗಲಾಗದೆ ವಿಪರೀತ ಕರೆಂಟು ಎಳೆದು ಫ್ಯೂಸನ್ನು ಹಾರಿಸುತ್ತದೆ; ದಡ ಸೇರಿದ ಮೇಲೆ ಚಾಲೂ ಮಾಡಲು ಮರೆತರೆ ಇಂಜಿನ್ನಿಗೆ ಅಪಾಯ. ಈ ಮರೆವಿಗೆ ಮದ್ದಾಗಿ 87ರಿಂದ ಒಂದು ಪುಟ್ಟ ದೀಪವನ್ನು ಡ್ಯಾಶ್‌ಬೋರ್ಡಿಗೆ ತಂದರೆ ಫ್ಯಾನಿಗೆ ಕರೆಂಟು ಹೋಗುತ್ತಿದೆಯೋ ಇಲ್ಲವೋ ಎಂಬುದು ಕಣ್ಣೆದುರೇ ಇರುತ್ತದೆ. ಬೆಲ್ಟಿನ ಫ್ಯಾನು ಕೆಟ್ಟರೆ ಸದ್ದಿನಿಂದಲಾದರೂ ತಿಳಿಯುತ್ತಿತ್ತು, ವಿದ್ಯುತ್ ಫ್ಯಾನು ಮೌನವಾಗಿ ಕೆಡುತ್ತದೆ. ಆದ್ದರಿಂದ ಉಷ್ಣತೆಯ ಮೀಟರು ಕೆಲಸ ಮಾಡದ ಜೀಪಿಗೆ ಈ ಬದಲಾವಣೆ ಮಾಡುವುದೇ ತಪ್ಪು.

ಮಳೆ ಮತ್ತು ಇಲಿ, ಈ ಎರಡರ ಕೈಗೆ ಸಿಗದಂತೆ ವಯರಿಂಗನ್ನು ಕಟ್ಟಬೇಕು. ಬರಿಯ ತಂತಿಗಳನ್ನು ಹೊಸೆದು ಟೇಪು ಸುತ್ತಿದ ಜೋಡಣೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿದು ಪುಡಿಯಾಗುತ್ತದೆ. ತಾಮ್ರದ ಲಗ್ಗುಗಳನ್ನು ಇಕ್ಕಳದಿಂದ ಬಲವಾಗಿ ಹಿಸುಕಿ, ಬಿಸಿಗೆ ಕುಗ್ಗುವ ಸ್ಲೀವನ್ನು ಅದರ ಮೇಲೆ ಎಳೆದರೆ ತೇವ ಒಳಗೆ ಇಳಿಯುವುದಿಲ್ಲ. ರಿಲೇಯನ್ನು ಬಾನೆಟ್ಟಿನ ಕೆಳಗೆ ಎತ್ತರದ ಜಾಗದಲ್ಲಿ, ಕಾಲುಗಳು ಕೆಳಮುಖವಾಗುವಂತೆ ಕೂರಿಸಿ, ಅದಕ್ಕೆ ಬರುವ ತಂತಿ ಮೊದಲು ಕೆಳಗಿಳಿದು ಆಮೇಲೆ ಮೇಲೇರುವಂತೆ ಬಾಗಿಸಿದರೆ ತಂತಿಯ ಗುಂಟ ಹರಿದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಗೂಡು ಕಟ್ಟುವ ಇಲಿಗಳಿಂದ ಕಾಯಲು ತಂತಿಗಳನ್ನು ಸುಕ್ಕುಗಟ್ಟಿದ ಪೈಪಿನೊಳಗೆ ಒಯ್ಯಬೇಕು. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಅರ್ಥಿಂಗ್‌ಗೆ. ಫ್ಯಾನಿಗೆ ಹೋದ 15 ಆಂಪಿಯರ್ ಅಷ್ಟೂ ಮರಳಿ ಬ್ಯಾಟರಿಯ ನೆಗೆಟಿವ್ ಸೇರಬೇಕು. ತುಕ್ಕು ಹಿಡಿದ, ಬಣ್ಣ ಬಳಿದ ಬಾಡಿಯ ತಗಡಿಗೆ ಒಂದು ತಿರುಪು ಹೊಡೆದು ತಂತಿ ಸಿಕ್ಕಿಸಿದರೆ ಆ ಮರುದಾರಿ ಇದ್ದೂ ಇಲ್ಲದಂತೆ. ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಚಾಸಿಗೇ ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಬೇಕು, ಇಲ್ಲವೇ ಹೋದಷ್ಟೇ ದಪ್ಪದ ತಂತಿಯನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್ ತುದಿಗೆ ತರಬೇಕು.

ಕಾನೂನಿನ ಮಾತಿಗೆ ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ; ರೇಡಿಯೇಟರ್ ಫ್ಯಾನು ಆ ವಿವರಗಳಲ್ಲಿ ಬರುವುದಿಲ್ಲ. ಆದರೂ ಹದಿನೈದು ವರ್ಷ ದಾಟಿದ ಖಾಸಗಿ ಜೀಪು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣದ ತಪಾಸಣೆಗೆ ನಿಲ್ಲಬೇಕಾದ್ದರಿಂದ, ಜೋಲುವ ತಂತಿ, ಬರಿಮೈ ಜೋಡಣೆಗಳಿಲ್ಲದ ಶಿಸ್ತಿನ ವಯರಿಂಗ್ ಅಲ್ಲೂ ನೆರವಾಗುತ್ತದೆ.

ಕೆಲಸ ಮುಗಿದ ಮೇಲೆ ಫ್ಯಾನು ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ಎಂದು ಮೊದಲು ನೋಡಬೇಕು. ಜೀಪಿನ ಮುಂದೆ ಹಿಡಿದ ಕಾಗದ ಜಾಲರಿಗೆ ಅಂಟಿಕೊಂಡರೆ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ, ದೂರ ತಳ್ಳಲ್ಪಟ್ಟರೆ ಫ್ಯಾನಿನ ಎರಡು ತಂತಿಗಳು ಅದಲುಬದಲಾಗಿವೆ. ಆಮೇಲೆ ಜೀಪನ್ನು ನಿಂತಲ್ಲೇ ಓಡಿಸಿ, ಥರ್ಮೋಸ್ವಿಚ್ಚು ತಾನಾಗಿ ಕೂಡಿಕೊಳ್ಳುವವರೆಗೂ, ಮತ್ತೆ ಬಿಡುವವರೆಗೂ ಕಾಯಬೇಕು. ಫ್ಯಾನು ತಿರುಗುತ್ತಿರುವಾಗ ಮಲ್ಟಿಮೀಟರಿನಿಂದ ಬ್ಯಾಟರಿಯ ಎರಡು ತುದಿಗಳ ನಡುವಿನ ವೋಲ್ಟನ್ನೂ ಫ್ಯಾನಿನ ಎರಡು ತುದಿಗಳ ನಡುವಿನ ವೋಲ್ಟನ್ನೂ ಅಳೆದು ಎರಡರ ಅಂತರವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹೊಸದಾಗಿ ಕೂಡಿಸಿದಾಗ ಅರ್ಧ ವೋಲ್ಟಿನೊಳಗಿದ್ದ ಅಂತರ ಮಳೆಗಾಲ ಕಳೆದ ಮೇಲೆ ಒಂದು ವೋಲ್ಟಿಗೆ ಏರಿದ್ದರೆ ಎಲ್ಲೋ ಕಿಲುಬು ಕಟ್ಟಿದೆಯೆಂದೇ ತಿಳಿಯಬೇಕು. ಹುಡುಕುವವರು ರಿಲೇಯನ್ನು ಬಿಚ್ಚುವ ಮೊದಲು ಅರ್ಥಿಂಗ್ ಬೋಲ್ಟನ್ನು ಬಿಚ್ಚಿ ನೋಡುವುದು ಲೇಸು.